ಮೂರು ಚುಕ್ಕಿಯ ಕುರ್ಚಿಗಳು

ಲೋಕದ ಜನರೆಲ್ಲ ಕುರ್ಚಿಯನ್ನು ಮೇಲಿನಿಂದ ನೋಡುತ್ತಾರೆ. ನೀರಿನ ಮೀಟರು ಓದುವವನೊಬ್ಬ ಮಾತ್ರ ಕೆಳಗಿನಿಂದ ನೋಡುತ್ತಾನೆ. ಅದರಿಂದ ಅವನ ಸಂಬಳವೇನೂ ಏರುವುದಿಲ್ಲ. ತಲೆ ಮಾತ್ರ ಕೆಡಬಹುದು.

ನಮ್ಮ ಮೀಟರಿನವನು ನೀರಿನ ಬೋರ್ಡಿಗೆ ಸೇರಿ ಏಳು ವರ್ಷವಾಗಿತ್ತು. ಕೆಲಸ ಇಷ್ಟೇ: ಮನೆಮನೆಯ ಹಿತ್ತಲಿಗೆ ಹೋಗುವುದು, ಕೊಕ್ಕೆ ಹಾಕಿ ಕಬ್ಬಿಣದ ಮುಚ್ಚಳ ಎತ್ತುವುದು, ಗುಂಡಿಯೊಳಗಿನ ಜೇಡನ ಕ್ಷಮೆ ಕೇಳಿ ಗಾಜು ಒರೆಸುವುದು, ಅಂಕಿ ನೋಡಿ ಕೈಯಲ್ಲಿರುವ ಯಂತ್ರಕ್ಕೆ ಒತ್ತುವುದು. ಗುಂಡಿ ಆಳವಾಗಿದ್ದರೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಬೇಕು. ಮನೆಯವರು ಹಿಂಬಾಗಿಲು ತೆರೆದರೆ ಅವರಿಗೆ ಮೊದಲು ಕಾಣುವುದು ಒಂದು ಜೊತೆ ಚಪ್ಪಲಿಯ ತಳ. ಎಷ್ಟೋ ಮನೆಗಳಲ್ಲಿ ಅವನ ಮುಖದ ಗುರುತೇ ಇರಲಿಲ್ಲ, ಚಪ್ಪಲಿಯ ಗುರುತಿತ್ತು.

ಕೆಲಸಕ್ಕೆ ಸೇರಿದ ಮೊದಲ ವರ್ಷ, ಹಾಗೆ ಮಲಗಿದ್ದಾಗಲೇ ಒಂದು ಮಧ್ಯಾಹ್ನ, ಹಲ್ಲಿನ ವೈದ್ಯರ ಹಿತ್ತಲಲ್ಲಿ, ಸುಮ್ಮನೆ ತಲೆ ಹೊರಳಿಸಿದ. ಮೂಗಿನಿಂದ ಎರಡು ಗೇಣು ದೂರದಲ್ಲಿ ಒಂದು ಕುರ್ಚಿಯ ತಳಭಾಗ. ಬೆರಳು ದಪ್ಪದ ಕಬ್ಬಿಣದ ಸರಳು ನೆಲದಿಂದ ಎದ್ದು, ಮಂಡಿ ಬಗ್ಗಿಸಿ, ಕೂರುವ ಜಾಗವನ್ನು ಬಳಸಿ, ಬೆನ್ನಾಗಿ ಏರಿ, ಮತ್ತೆ ಇಳಿದು ನೆಲ ಮುಟ್ಟಿತ್ತು. ಪೆನ್ನು ಎತ್ತದೆ ಬರೆದ ಒಂದೇ ಗೆರೆಯಂತೆ. ಸರಳಿನಿಂದ ಸರಳಿಗೆ ಹಸಿರು ಪ್ಲಾಸ್ಟಿಕ್ ವೈರು ಬಿಗಿದಿದ್ದರು. ವೈರುಗಳ ಸಂದಿನಿಂದ ಆಕಾಶ ಎಳೆಎಳೆಯಾಗಿ ಅವನ ಮುಖದ ಮೇಲೆ ಇಳಿಯುತ್ತಿತ್ತು. ಹಿಂಗಾಲಿನ ಒಳಮೈಯಲ್ಲಿ, ಕೂತವರಾಗಲಿ ನಿಂತವರಾಗಲಿ ಎಂದೂ ನೋಡದ ಜಾಗದಲ್ಲಿ, ಸಾಲಾಗಿ ಮೂರು ಚುಕ್ಕಿಗಳಿದ್ದವು.

ಎಷ್ಟು ಹೊತ್ತು ಹಾಗೇ ಬಿದ್ದುಕೊಂಡಿದ್ದನೋ. ವೈದ್ಯರ ಹೆಂಡತಿ ಬಂದು, "ಏನಪ್ಪಾ, ಉಸಿರಾಡ್ತಾ ಇದ್ದೀಯಾ?" ಎಂದು ಕೇಳಿದ ಮೇಲೆ ಎದ್ದ. ಓದಿದ ಅಂಕಿ ತಲೆಯಿಂದ ಹಾರಿಹೋಗಿತ್ತು. ತೋಚಿದ್ದನ್ನು ಒತ್ತಿದ. ಆ ತಿಂಗಳು ಹಲ್ಲಿನ ವೈದ್ಯರ ಮನೆಯವರು ಒಂದು ಈಜುಕೊಳದಷ್ಟು ನೀರು ಬಳಸಿದ್ದಾರೆ ಎಂದು ಬೋರ್ಡಿನ ದಾಖಲೆ ಹೇಳಿತು. ಮೇಲಧಿಕಾರಿಯ ಬೈಗುಳವನ್ನು ಅವನು ತಲೆ ತಗ್ಗಿಸಿ ಕೇಳಿದ. ತಗ್ಗಿಸಿದ್ದು ನಾಚಿಕೆಯಿಂದಲ್ಲ, ಮೇಲಧಿಕಾರಿಯ ಕುರ್ಚಿಯ ಕಾಲುಗಳನ್ನು ನೋಡುತ್ತಿದ್ದ. ಬರೀ ದೊಣ್ಣೆಯಂಥ ಕಾಲುಗಳು, ಗೆರೆಯೇ ಇಲ್ಲ.

ಆಮೇಲೆ ಮೊಬೈಲಿನಲ್ಲಿ ಹುಡುಕಿದ. ಅರವತ್ತು, ಎಪ್ಪತ್ತು ವರ್ಷದ ಹಿಂದೆ ದೇಶದೇಶಗಳಲ್ಲಿ ಇಂಥ ಕುರ್ಚಿಗಳ ಕಾಲವೊಂದಿತ್ತಂತೆ. ಬಯಲಲ್ಲಿ, ಬಿಸಿಲಲ್ಲಿ, ಈಜುಕೊಳದ ಅಂಚಿನಲ್ಲಿ ಇಡುವುದಕ್ಕೆಂದೇ ದೊಡ್ಡದೊಡ್ಡ ವಿನ್ಯಾಸಕಾರರು ಕುರ್ಚಿ ಬರೆದರಂತೆ. ಅದಕ್ಕೆ ಮಿಡ್ ಸೆಂಚುರಿ ಮಾಡರ್ನ್, ಅಂದರೆ ಶತಮಾನದ ನಡುವಿನ ಹೊಸ ಶೈಲಿ, ಎಂದು ಹೆಸರಂತೆ. ಅವನ್ನು ಕೂಡಿಡುವ ಹುಚ್ಚರೂ ಇದ್ದಾರಂತೆ. ಇದನ್ನೆಲ್ಲ ಊಟಕ್ಕೆ ಕೂತಾಗ ಭಾವನಿಗೆ ಹೇಳಿದ.

"ಮಿಡ್ ಸೆಂಚುರಿ ಅಂದ್ರೆ ಐವತ್ತಾಯ್ತಲ್ಲೋ," ಎಂದ ಭಾವ, ತಟ್ಟೆಯಿಂದ ತಲೆ ಎತ್ತದೆ. "ನೀನು ಇನ್ನೂ ಸೊನ್ನೆಯಲ್ಲೇ ಆಡ್ತಾ ಇದ್ದೀಯ."

"ಅವನನ್ನ ಯಾಕೆ ಕೆಣಕ್ತೀರಿ? ಹುಡುಗಿ ಹಿಂದೆ ಬೀಳೋ ವಯಸ್ಸಲ್ಲಿ ಕುರ್ಚಿ ಹಿಂದೆ ಬಿದ್ದಿದ್ದಾನೆ, ಬೀಳ್ಲಿ ಬಿಡಿ," ಎಂದಳು ಅಕ್ಕ. "ಕುರ್ಚಿ ಬೇಡ ಅನ್ನಲ್ಲ ನೋಡಿ."

ಅಕ್ಕನ ಮಾತಿನಲ್ಲಿ ಸುಳ್ಳಿರಲಿಲ್ಲ. ಕುರ್ಚಿಗಳು ಬೇಡ ಎನ್ನಲಿಲ್ಲ. ಆರು ವರ್ಷದಲ್ಲಿ ಹನ್ನೊಂದು ಬಂದವು. ವೈದ್ಯರ ಹೆಂಡತಿ, "ಮಳೆಗೆ ನೆನೆದು ಹಾಳಾಗಿದೆ, ಪುಣ್ಯ ಬರುತ್ತೆ ಒಯ್ಯಪ್ಪಾ," ಎಂದು ಕೊಟ್ಟಳು. ಒಂದು ಮನೆಯಲ್ಲಿ ಕೋಳಿ ಕುರ್ಚಿಯಡಿ ಕಾವು ಕೂತಿತ್ತು. ಮರಿ ಹೊರಬರುವವರೆಗೆ ಎರಡು ಸಲ ಸುಮ್ಮನೆ ಮೀಟರು ಓದುವ ನೆಪದಲ್ಲಿ ಹೋಗಿ ಬಂದ. ಸೊಟ್ಟ ಓಣಿಯ ಮನೆಯಲ್ಲಿ ಸೋರುವ ನಲ್ಲಿಗೆ ವಾಷರು ಹಾಕಿಕೊಟ್ಟಾಗ, ಬಸ್ಸು ಓಡಿಸಿ ನಿವೃತ್ತನಾದ ಆ ಮನೆಯ ಭಾರೀ ಆಸಾಮಿ, "ತಗೊಂಡು ಹೋಗು. ನಾನು ಹೊಟ್ಟೇಲಿದ್ದಾಗ ನಮ್ಮಮ್ಮ ಇದರಲ್ಲೇ ಕೂರ್ತಿದ್ದಳಂತೆ. ಈಗ ನನಗೆ ಸೊಂಟ ಹಿಡಿಸಲ್ಲ," ಎಂದು ನೀಲಿ ಕುರ್ಚಿಯೊಂದನ್ನು ಎತ್ತಿ ಕೊಟ್ಟ. ಹಸಿರು, ನೀಲಿ, ಅರಿಶಿನದ ಹಳದಿ, ಮಾಸಿದ ಕೆಂಪು. ಹನ್ನೊಂದರ ಹಿಂಗಾಲಲ್ಲೂ ಮೂರು ಚುಕ್ಕಿ.

ಚುಕ್ಕಿ ಅಂದರೆ ಸಹಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಇಂಥ ಗೆರೆ ಎಳೆದವನು ಹೆಸರು ಬರೆದು ತನ್ನನ್ನು ಮೆರೆಸಿಕೊಳ್ಳುವವನಾಗಿರಲಿಕ್ಕಿಲ್ಲ, ಮೂರು ಚುಕ್ಕಿ ಇಟ್ಟು ನಕ್ಕು ಹೋಗಿರುತ್ತಾನೆ ಎಂದು ತಾನೇ ಕತೆ ಕಟ್ಟಿಕೊಂಡ. ಆ ವಿನ್ಯಾಸಕಾರ ಅವನ ಮನಸ್ಸಿನಲ್ಲಿ ಉದ್ದ ತೋಳಿನ ಬಿಳಿ ಅಂಗಿ ತೊಟ್ಟು ಓಡಾಡುತ್ತಿದ್ದ. ಬರಬರುತ್ತ ಅವನ ಮೂಗು ಮೀಟರಿನವನ ಮೂಗಿನಂತೆಯೇ ಆಗುತ್ತಿತ್ತು. ಇದು ತನಗೆ ಗೊತ್ತಾದ ದಿನ ಮೀಟರಿನವನು ಕನ್ನಡಿಯ ಮುಂದೆ ನಿಂತು, "ಎಲಾ ಇವನ!" ಎಂದುಕೊಂಡ. ಆದರೆ ಮೂಗನ್ನು ಬದಲಿಸಲಿಲ್ಲ.

ಕುರ್ಚಿಗಳೆಲ್ಲ ಅವನೂ ಅಕ್ಕ-ಭಾವನೂ ಇದ್ದ ಬಾಡಿಗೆ ಮನೆಯ ಮೇಲಿನ ತಾರಸಿಯಲ್ಲಿದ್ದವು. ರಜೆಯ ಮಧ್ಯಾಹ್ನ ಅವನು ನೀರಿನ ಟ್ಯಾಂಕಿನ ನೆರಳಲ್ಲಿ ಕಾಲು ಚಾಚಿ ಅವನ್ನು ನೋಡುತ್ತ ಕೂರುತ್ತಿದ್ದ. ಬಿಸಿಲು ವೈರುಗಳ ನಡುವೆ ಇಳಿದು ನೆಲದ ಮೇಲೆ ಹನ್ನೊಂದು ಜಾಳಿಗೆ ಹೆಣೆಯುತ್ತಿತ್ತು. ಹೊತ್ತು ವಾಲಿದಂತೆ ಜಾಳಿಗೆಗಳು ಒಂದೊಂದಾಗಿ ಉದ್ದವಾಗಿ, ಒಂದರ ಮೈಮೇಲೊಂದು ಒರಗಿ, ಕೊನೆಗೆ ಯಾವ ನೆರಳು ಯಾವ ಕುರ್ಚಿಯದೆಂದು ತಿಳಿಯದಂತಾಗುತ್ತಿತ್ತು. ಆಗ ಅರೆ ಮುಚ್ಚಿದ ಅವನ ಕಣ್ಣಿಗೆ ತಾರಸಿಯ ಸಿಮೆಂಟು ನೀಲಿ ನೀರಾಗುತ್ತಿತ್ತು. ಯಾರೋ ಈಜಿ ಬಂದವರು ಒದ್ದೆ ಕೂದಲಲ್ಲಿ ಕೂತು ಎದ್ದು ಹೋಗುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಒಣಗಲು ಹಾಕಿದ ಅಕ್ಕನ ಸೀರೆಯೊಂದು ಹಾರಿ ಮುಖದ ಮೇಲೆ ಬಿದ್ದಾಗ ಈಜುಕೊಳ ಬತ್ತುತ್ತಿತ್ತು.

ಈ ಲೋಕಕ್ಕೆ ಓನರಮ್ಮ ಬಂದದ್ದು ತಿಂಗಳ ಮೊದಲ ವಾರದಲ್ಲಿ. ಮನೆಯ ಒಡತಿಯಾದ ಆಕೆ ಕೆಳಗಿನ ಮನೆಯಲ್ಲಿದ್ದರು. ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿಳಿದು ಬಾಡಿಗೆಯವರ ದೀಪ, ನಲ್ಲಿ, ಬಾಗಿಲ ಸದ್ದು ಎಲ್ಲವನ್ನೂ ವಿಚಾರಿಸಿಕೊಳ್ಳುವ ಪ್ರೀತಿ ಆಕೆಗಿತ್ತು.

"ನೋಡಪ್ಪಾ, ತಾರಸಿ ಮೇಲೆ ಸೋಲಾರ್ ಹಾಕಿಸ್ತಾ ಇದ್ದೀನಿ. ಮೂವತ್ತನೇ ತಾರೀಕು ಕೆಲಸದವರು ಬರ್ತಾರೆ. ಅಷ್ಟರೊಳಗೆ ನಿನ್ನ ಸಭೆ ಖಾಲಿ ಮಾಡು. ಇಲ್ಲದಿದ್ರೆ ಗುಜರಿಯವನನ್ನ ನಾನೇ ಕರೀತೀನಿ."

"ಅಮ್ಮಾ, ಅವು ಗುಜರಿ ಅಲ್ಲ."

"ತುಕ್ಕು ಹಿಡಿದಿದೆ, ಹರಿದಿದೆ, ಯಾರೂ ಕೂರಲ್ಲ. ಮತ್ತೇನು ಅನ್ಲಿ ಅದಕ್ಕೆ, ಚಿನ್ನ ಅನ್ಲಾ?"

ಅಕ್ಕನ ಮನೆ ಎರಡು ಕೋಣೆಯದು. ಅದರಲ್ಲಿ ಅವನಿಗೆ ಮಲಗಲು ಸಿಗುತ್ತಿದ್ದದ್ದೇ ಹೊಲಿಗೆ ಯಂತ್ರಕ್ಕೂ ಗೋಡೆಗೂ ನಡುವಿನ ಜಾಗ. ಹನ್ನೊಂದು ಕುರ್ಚಿ ಎಲ್ಲಿಗೆ ಹೋಗಬೇಕು? ಅವನು ಮೂರು ದಿನ ಊಟ ಸೇರದೆ ಓಡಾಡಿದ. ನಾಲ್ಕನೆಯ ದಿನ ಧೈರ್ಯ ಮಾಡಿ, ಹಳೆಯ ಪೀಠೋಪಕರಣಗಳನ್ನು ಇಟ್ಟಿರುವ ಮ್ಯೂಸಿಯಮ್ಮಿಗೆ ಫೋಟೋ ಕಳಿಸಿದ. ಅಲ್ಲಿನ ಮೇಡಮ್ಮು ತಾವಾಗಿ ಫೋನು ಮಾಡಿದರು. ದನಿ ತಣ್ಣಗಿತ್ತು, ತೊಳೆದಿಟ್ಟ ಗಾಜಿನ ಹಾಗೆ.

"ಚೆನ್ನಾಗಿವೆ. ಈ ಡಿಸೈನ್ ತೆಗೆದವರು ಯಾರು?"

"ಸಹಿ ಇದೆ ಮೇಡಂ. ಮೂರು ಚುಕ್ಕಿ."

"ಚುಕ್ಕಿ ಯಾರದ್ದು ಅಂತ ಬೇಕಲ್ವಾ? ತೆಗೆದವರು ಯಾರು ಅಂತ ಗೊತ್ತು ಮಾಡಿಕೊಡಿ, ಹನ್ನೊಂದನ್ನೂ ಒಟ್ಟಿಗೆ ತಗೋತೀವಿ, ಒಂದೇ ಕೋಣೆಯಲ್ಲಿ ಇಡ್ತೀವಿ. ಹೆಸರಿಲ್ಲದ ಕುರ್ಚಿ ಮಾತ್ರ ನಮ್ಮ ನಿಯಮಕ್ಕೆ ಬರಲ್ಲ."

ಒಂದೇ ಕೋಣೆ! ಅವನ ಕಣ್ಣ ಮುಂದೆ ಹನ್ನೊಂದು ಜಾಳಿಗೆ ನೆರಳು ನುಣುಪಾದ ನೆಲದ ಮೇಲೆ ಹಾಸಿಕೊಂಡಿತು. ಮರುದಿನದಿಂದ ಮೀಟರಿನ ಅಂಕಿಯ ಜೊತೆಗೆ ಅವನದು ಇನ್ನೊಂದು ಓದು ಶುರುವಾಯಿತು. ಮನೆಮನೆಯಲ್ಲೂ ಮೊಬೈಲು ತೋರಿಸಿ ಕೇಳಿದ: "ಈ ಕುರ್ಚಿ ತೆಗೆದವರು ಯಾರು, ನಿಮಗೆ ಗೊತ್ತಾ?"

ಮೊದಲನೆಯ ಮನೆಯಾಕೆ ಸೆರಗು ಬಿಗಿದಳು. "ಏನು, ಕಳುವಾಗಿದ್ಯಾ? ನಮ್ಮನೇಲಿ ಯಾರೂ ತೆಗೆದಿಲ್ಲಪ್ಪ! ಪಕ್ಕದ ಮನೇಲಿ ಕೇಳು, ಅವರಿಗೆ ಆ ಅಭ್ಯಾಸ ಇದೆ." ಪಕ್ಕದ ಮನೆಯವರಿಗೆ ಇದು ಗೋಡೆಯಾಚೆಯಿಂದ ಕೇಳಿಸಿತು. ಆ ಬೀದಿಯಲ್ಲಿ ಆ ದಿನ ಉಳಿದ ಮೀಟರು ಓದಲಾಗಲಿಲ್ಲ.

ಹೀಗೆ ಹದಿನೈದು ದಿನ ಕಳೆಯಿತು. ಅವನ ಸುತ್ತಿನಲ್ಲಿ ಕೊನೆಗೆ ಬರುವುದು, ಮುಚ್ಚಿಹೋದ ಹಳೆಯ ಕಾರ್ಖಾನೆಯ ಹಿಂದಿನ ಏರುಬೀದಿ. ಅಲ್ಲಿ ಒಂದು ಮನೆಯ ಅಂಗಳದಲ್ಲಿ ಅಜ್ಜಿಯೊಬ್ಬರು ಮೊಮ್ಮಗಳ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದರು. ಎಪ್ಪತ್ತೊಂಬತ್ತು ವಯಸ್ಸು; ಬೆನ್ನು ಮಾತ್ರ ಗೋಡೆಗೆ ಹೊಡೆದ ಹಲಗೆಯಷ್ಟು ನೇರ. ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದರು. ಚುಕ್ಕಿಯ ಫೋಟೋ ಬಂದಾಗ ಸೂಜಿ ನಿಂತಿತು.

"ಅಯ್ಯೋ ನನ್ನಪ್ಪಾ, ಇವಿನ್ನೂ ಬದುಕಿವೆಯಾ?"

"ಅಜ್ಜೀ, ಇವನ್ನ ತೆಗೆದೋರು ಯಾರು ಅಂತ ಗೊತ್ತಾ ನಿಮಗೆ?"

"ಗೊತ್ತಾ ಅಂತ ಕೇಳ್ತೀಯಲ್ಲೋ! ತೆಗೆದೋಳು ನಾನೇ. ಈ ಮುಚ್ಚಿಹೋದ ಕಾರ್ಖಾನೇಲಿ, ಈ ಕೈಯಲ್ಲೇ ಚುಕ್ಕಿ ಇಟ್ಟಿದ್ದು."

ಮೀಟರಿನವನು ಕೊಕ್ಕೆ ಕೆಳಗಿಟ್ಟ. ಕಾಲಡಿಯ ಗುಂಡಿಯಲ್ಲಿ ಮೀಟರಿನ ಪುಟ್ಟ ಕೆಂಪು ಚಕ್ರ ಗಿರಗಿರನೆ ತಿರುಗುತ್ತಿತ್ತು. ಬಿಳಿ ಅಂಗಿಯ ವಿನ್ಯಾಸಕಾರ ಅವನ ಮನಸ್ಸಿನಿಂದ ಒಂದು ಮಾತೂ ಆಡದೆ ಎದ್ದು ಹೋಗಿಬಿಟ್ಟ. ಅವನ ಜಾಗದಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ನೇರ ಬೆನ್ನಿನಲ್ಲಿ ಕೂತು ಪೆನ್ನೆತ್ತದೆ ಗೆರೆ ಎಳೆಯುತ್ತಿದ್ದಳು. ಇಷ್ಟು ವರ್ಷ ಯಾರಿಗೂ ಗೊತ್ತಾಗದೆ, ಗುಂಡಿ ಹೊಲಿಯುತ್ತ!

"ಎಲ್ಲಾನೂ ನೀವೇನಾ ಅಜ್ಜಿ?"

"ಮತ್ತಿನ್ಯಾರು? ನನ್ನ ಬಿಟ್ಟು ಬೇರೆಯವರು ತೆಗೆಯೋ ಹಾಗೇ ಇರಲಿಲ್ಲ."

ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೆ ಎಲ್ಲ ತಿಳಿಯುತ್ತಿತ್ತು. ಅವನು ಕೇಳಲಿಲ್ಲ. ಕನಸು ಕಾಣುವವರಿಗೆ ಬೇಕಾದ ಉತ್ತರ ಸಿಕ್ಕಿದ ಮೇಲೆ ಪ್ರಶ್ನೆಗಳು ಹುಟ್ಟುವುದಿಲ್ಲ. ಏರುಬೀದಿ ಇಳಿಯುತ್ತಲೇ ಮ್ಯೂಸಿಯಮ್ಮಿಗೆ ಫೋನು ಮಾಡಿದ. "ಮೇಡಂ, ಸಿಕ್ಕಿದ್ರು! ಬದುಕಿದ್ದಾರೆ! ಹೆಂಗಸು!"

ಇಪ್ಪತ್ತಾರನೆಯ ತಾರೀಕು, ಹೊತ್ತು ತುಸು ವಾಲಿದ ಮೇಲೆ, ಎಲ್ಲರೂ ತಾರಸಿಯಲ್ಲಿ ಸೇರಿದರು. ಮ್ಯೂಸಿಯಮ್ಮಿನ ಮೇಡಮ್ಮು ಬಿಳಿ ಕೈಗವಸು ತಂದಿದ್ದರು. ಅಕ್ಕ ಸೀರೆಗಳನ್ನೆಲ್ಲ ತೆಗೆದು ತಂತಿ ಖಾಲಿ ಮಾಡಿದ್ದಳು. ಭಾವ ಇದನ್ನು ನೋಡಲೆಂದೇ ಅರ್ಧ ದಿನ ರಜೆ ಹಾಕಿದ್ದ. ಓನರಮ್ಮ ಕರೆಯದೆಯೇ ಬಂದಿದ್ದರು, ತಾರಸಿ ಅವರದೇ ತಾನೇ. ಅಜ್ಜಿ ಮೊಮ್ಮಗಳ ಭುಜ ಹಿಡಿದು ಮೆಟ್ಟಿಲು ಹತ್ತಿ ಬಂದು, ಹನ್ನೊಂದು ಕುರ್ಚಿಗಳನ್ನು ನೋಡಿ ಒಂದು ಕ್ಷಣ ನಿಂತರು. ಮದುವೆ ಮನೆಯ ಬಾಗಿಲಲ್ಲಿ ಬಳಗವನ್ನು ಕಂಡ ಹಾಗೆ ಅವರ ಮುಖ ಅರಳಿತು.

"ಇವರೇ," ಎಂದ ಮೀಟರಿನವನು. "ಇವನ್ನೆಲ್ಲ ತೆಗೆದವರು."

ಮೇಡಮ್ಮು ಕೈ ಮುಗಿದು, "ಈ ಗೆರೆ ನಿಮಗೆ ಹೇಗೆ ಹೊಳೀತು, ಅಮ್ಮಾ?" ಎಂದರು.

ಅಜ್ಜಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಯೂ ತಲೆಗೆ ಹೋಗಲಿಲ್ಲ. ಅವರು ಹಸಿರು ಕುರ್ಚಿಯ ಹತ್ತಿರ ಹೋಗಿ, ಅದಕ್ಕೆ ಬೆನ್ನು ಮಾಡಿ, ನೋಡದೆಯೇ ಕೂತರು. ಕಣ್ಣು ಮುಚ್ಚಿದರು. ಬೆನ್ನನ್ನು ನಿಧಾನ ಒರಗಿಸಿ, ಎರಡು ಉಸಿರು ಬಿಟ್ಟು, ಎದ್ದರು.

"ಎಡಕ್ಕೆ ಅರ್ಧ ಬೆರಳು ವಾಲುತ್ತೆ. ಹಾಗೇ ಇದೆ ಇನ್ನೂ."

ಹಳದಿಯದರಲ್ಲಿ ಕೂತರು. ಕಣ್ಣು ಮುಚ್ಚಿದರು. ಎದ್ದರು. "ಇದರ ಬಲಗೈ ಎತ್ತರ."

ಕೆಂಪಿನದು. "ಗುಂಡಿ ಬಿದ್ದಿದೆ, ಎರಡು ಬೆರಳು. ಕೂತ್ರೆ ಏಳೋಕೆ ಬಿಡಲ್ಲ."

ಮುದುಕಿಯೊಬ್ಬರು ಕೂತು, ನಿದ್ದೆ ಹೋದಂತೆ ಕಣ್ಣು ಮುಚ್ಚಿ, ಎದ್ದು, ಮುಂದಿನ ಕುರ್ಚಿಗೆ ತೇಲಿದಂತೆ ಹೋಗಿ ಕೂರುತ್ತಿದ್ದರು. ಬಿಸಿಲಿನ ಜಾಳಿಗೆಗಳು ಅವರ ಪಾದದ ಮೇಲೆ ಹತ್ತಿ ಇಳಿಯುತ್ತಿದ್ದವು. ಮೀಟರಿನವನಿಗೆ ಇದು ತನ್ನದೇ ಮಧ್ಯಾಹ್ನದ ಕನಸಿನೊಳಗೆ ಬೇರೆ ಯಾರೋ ನಡೆದು ಬಂದ ಹಾಗೆ ಕಂಡಿತು. ಆರನೆಯ ಕುರ್ಚಿಯ ಹೊತ್ತಿಗೆ ಮೇಡಮ್ಮು ಮೆಲ್ಲಗೆ ಕೈಗವಸು ಬಿಚ್ಚತೊಡಗಿದ್ದರು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ನೀವು ಕಾರ್ಖಾನೆಯಲ್ಲಿ ಏನು ಕೆಲಸ ಮಾಡ್ತಿದ್ರಿ?"

"ಕೂರೋ ಕೆಲಸ," ಎಂದರು ಅಜ್ಜಿ.

"ಅಂದ್ರೆ?"

"ಕೂರೋದೇ ತಾಯೀ! ಕುರ್ಚಿ ಮುಗಿಸಿ ಸಾಲಾಗಿ ತಂದಿಡೋರು. ನಾನು ಒಂದೊಂದರಲ್ಲಿ ಕೂತು ನೋಡೋಳು. ದಿನಕ್ಕೆ ನೂರಿಪ್ಪತ್ತು ಸಲ ಕೂತು ಏಳ್ತಿದ್ದೆ. ಸರಿ ಇದ್ರೆ ಕಾಲಿಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ಮುಂದಕ್ಕೆ. ಸರಿ ಇಲ್ಲದಿದ್ರೆ ಮೂರು ಚುಕ್ಕಿ ಹೊಡೆದು ತೆಗೆದುಬಿಡೋದು. ನಮ್ಮತ್ತೆ ಬೀದೀಲೆಲ್ಲ ಸಾರಿಕೊಂಡು ಬರೋರು, ನನ್ನ ಸೊಸೆ ಕೂತು ತಿಂತಾಳೆ ಅಂತ. ಸುಳ್ಳು ಹೇಗನ್ಲಿ? ಮೂವತ್ತು ವರ್ಷ ಕೂತೇ ತಿಂದಿದ್ದು!"

ಹೇಳಿ ಅಜ್ಜಿ ತಾವೇ ನಕ್ಕರು. ಮೊದಲು ಜೊತೆಗೂಡಿದವನು ಭಾವ. ನಗು ತಡೆಯಲಾರದೆ ಟ್ಯಾಂಕಿನ ಹಿಂದಕ್ಕೆ ಹೋದ. ಅಕ್ಕ ಮಾತ್ರ ತಮ್ಮನ ಮುಖ ನೋಡಿ ತುಟಿ ಕಚ್ಚಿ ನಿಂತಳು.

ತೆಗೆದುಬಿಡೋದು. ಮೀಟರಿನವನು ಆ ಮಾತನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ತಿರುಗಿಸಿ ನೋಡಿದ. ಹೊಸ ಡಿಸೈನು ತೆಗೆಯುವುದೂ ತೆಗೆಯುವುದೇ. ಬೇಡವೆಂದು ಸಾಲಿನಿಂದ ಆಚೆಗೆ ತೆಗೆಯುವುದೂ ತೆಗೆಯುವುದೇ. ಅಜ್ಜಿ ಒಂದಕ್ಷರ ಸುಳ್ಳು ಹೇಳಿರಲಿಲ್ಲ. ಬೀದಿಯ ಜನ ಕಳ್ಳತನದ ಮಾತೆಂದು ತಿಳಿದಾಗ ಅವರನ್ನು ದಡ್ಡರೆಂದು ಮನಸ್ಸಿನಲ್ಲೇ ನಕ್ಕಿದ್ದ ತನ್ನ ಜಾಣತನವನ್ನು ನೆನೆದು, ತಾರಸಿಯ ಅಂಚಿನಿಂದ ಕೆಳಗೆ ಯಾವುದಾದರೂ ಮೀಟರು ಗುಂಡಿ ತೆರೆದಿದೆಯೇ ಎಂದು ನೋಡಿದ.

"ಹಾಗಾದ್ರೆ ಚುಕ್ಕಿ ಇಲ್ಲದವು? ಒಳ್ಳೆಯವು?" ಎಂದ, ದನಿ ಸಣ್ಣದಾಗಿ.

"ಅವು ಪೆಟ್ಟಿಗೇಲಿ ಹೋಗ್ತಿದ್ವು ಕಣಪ್ಪ, ಹೋಟೆಲಿಗೆ, ಈಜುಕೊಳಕ್ಕೆ, ಹಡಗಿಗೆ. ಹತ್ತು ವರ್ಷ ಉಪ್ಪುನೀರು, ಬಿಸಿಲು, ದಪ್ಪ ಜನ. ಎಲ್ಲ ಗುಜರಿಗೆ ಹೋಗಿರ್ತಾವೆ. ತೆಗೆದಿಟ್ಟದ್ದನ್ನ ಶನಿವಾರ ಚೀಟಿ ಎತ್ತಿ ಕೆಲಸದವರಿಗೆ ಹಂಚೋರು. ನಮ್ಮಂಥೋರ ಹಿತ್ತಲಲ್ಲಿ ಬಿದ್ದವು ಉಳ್ಕೊಂಡ್ವು. ನೀನು ಊರೆಲ್ಲ ಹುಡುಕಿದ್ರೂ ಚುಕ್ಕಿ ಇರೋವೇ ಸಿಗೋದು."

"ಗೆರೆ ಬರೆದವರು ಯಾರು ಅಂತ ನೆನಪಿದ್ಯಾ?" ಎಂದು ಮೇಡಮ್ಮು ಕೊನೆಯ ಪ್ರಯತ್ನ ಮಾಡಿದರು.

"ದೊಡ್ಡ ಸುರುಳಿ ಕಾಗದ ಬರ್ತಿತ್ತು. ಮೂಲೇಲಿ ಯಾರದ್ದೋ ಹೆಸರಿತ್ತು, ನನಗೆ ಬಾರದ ಲಿಪಿ. ಆ ಕಾಗದ ಹರಿದು ನಾವು ಊಟದ ಡಬ್ಬಿ ಕೆಳಗೆ ಹಾಸ್ಕೊಂಡ್ವಿ."

ಮೇಡಮ್ಮು ನಿಡುಸುಯ್ದರು. ಅವರ ಕಣ್ಣಲ್ಲಿ ಕೋಪವಿರಲಿಲ್ಲ. ಆದರೆ ಕೋಣೆಯೊಂದರ ದೀಪ ಆರಿದ್ದು ಮೀಟರಿನವನಿಗೆ ಕಂಡಿತು. ಹನ್ನೊಂದು ತಿರಸ್ಕೃತ ಕುರ್ಚಿ, ನಾಲ್ಕು ದಿನ. ಓನರಮ್ಮನ ಮೊಬೈಲಿನಲ್ಲಿ ಗುಜರಿಯವನ ನಂಬರು.

ಅಷ್ಟರಲ್ಲಿ ಅಜ್ಜಿ ಕೊನೆಯ ಕುರ್ಚಿಗೆ ಬಂದಿದ್ದರು. ಸೊಟ್ಟ ಓಣಿಯ ನೀಲಿಯದು. ಕೂತರು, ಕಣ್ಣು ಮುಚ್ಚಿದರು. ಈ ಸಲ ಏಳಲಿಲ್ಲ. ಮೊಮ್ಮಗಳು ಗಾಬರಿಯಾಗಿ, "ಅಜ್ಜೀ?" ಎಂದಳು.

"ಇದರಲ್ಲಿ ತಪ್ಪಿಲ್ಲ," ಎಂದರು ಅಜ್ಜಿ, ಕಣ್ಣು ತೆರೆಯದೆ. "ಅವತ್ತೂ ಇರಲಿಲ್ಲ. ಬೆಸುಗೆ ಹಾಕೋನೊಬ್ಬ ಇದ್ದ. ಊಟದ ಹೊತ್ತಲ್ಲಿ ಬಂದು ಕಿವೀಲಿ ಹೇಳ್ದ: ಅಕ್ಕಾ, ಇದೊಂದನ್ನ ತೆಗೆದುಬಿಡು. ಹೆಂಡತಿಗೆ ಎಂಟು ತಿಂಗಳು, ನೆಲದ ಮೇಲೆ ಕೂತ್ರೆ ಏಳೋಕಾಗಲ್ಲ. ವಾಲೋ ಕುರ್ಚಿ ಚೀಟೀಲಿ ಬಂದ್ರೆ ಬಿದ್ದು ಹೋಗ್ತಾಳೆ, ಅದಕ್ಕೆ ಕೈಯಾರ ನೆಟ್ಟಗೆ ಮಾಡಿದ್ದೀನಿ. ನಾನು ಹೇಗೋ ಚೀಟಿ ಹೊಂದಿಸಿಕೊಳ್ತೀನಿ, ನೀನು ಚುಕ್ಕಿ ಹೊಡಿ ಅಂತ. ಹೊಡೆದೆ. ಮೂವತ್ತು ವರ್ಷದಲ್ಲಿ ಅದೊಂದೇ ಸುಳ್ಳು ಚುಕ್ಕಿ. ಆ ಮಗು ಹೇಗಾಯ್ತೋ ಏನೋ ಗೊತ್ತಾಗ್ಲಿಲ್ಲ. ಅವನು ಬೇರೆ ಕಡೆ ಕೆಲಸಕ್ಕೆ ಹೋಗ್ಬಿಟ್ಟ."

"ಅಜ್ಜೀ," ಎಂದ ಮೀಟರಿನವನು, "ಆ ಮಗು ಬಸ್ ಡ್ರೈವರ್ ಆಗಿ ರಿಟೈರ್ ಆಯ್ತು. ಸೊಟ್ಟ ಓಣೀಲಿದೆ. ನೂರು ಕೆಜಿ ಇರಬಹುದು. ನಲ್ಲಿ ಸರಿ ಮಾಡಿಕೊಟ್ಟು ಬಂದಿದ್ದೀನಿ."

ಅಜ್ಜಿ ಕಣ್ಣು ತೆರೆದರು. ಮೊದಲು ಅವನನ್ನು, ಆಮೇಲೆ ಆಕಾಶವನ್ನು ನೋಡಿದರು. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, "ನೂರು ಕೆಜಿ!" ಎಂದು ಒಳಗೊಳಗೇ ನಗುತ್ತ ಬಹಳ ಹೊತ್ತು ಕೂತರು.

ಮೇಡಮ್ಮು ನೀಲಿ ಕುರ್ಚಿಯ ಮುಂದೆ ನೆಲಕ್ಕೆ ಕೂತು ಅದರ ಬೆಸುಗೆಗಳನ್ನು ಬರಿಗೈಯಲ್ಲಿ ಮುಟ್ಟಿ ನೋಡಿದರು. ಒಂದು ಕುರ್ಚಿಗೆ ನಿಯಮ ಸ್ವಲ್ಪ ಬಗ್ಗಿಸಬಹುದು ಎಂದರು. "ಮಾಡಿದ ಕೈ ಯಾವುದು ಅಂತ ಗೊತ್ತಿದೆ, ಕೂತು ನೋಡಿದವರು ಎದುರಿಗೇ ಇದ್ದಾರೆ, ಅದನ್ನೇ ಬರೆದು ಇಡ್ತೀನಿ." ಅಜ್ಜಿ ಮೊಮ್ಮಗಳನ್ನು ಅಕ್ಕನ ಮನೆಗೆ ಕಳಿಸಿ ಹೊಲಿಗೆಯ ಸೀಮೆಸುಣ್ಣ ತರಿಸಿಕೊಂಡರು. ನೀಲಿ ಕುರ್ಚಿಯ ಕಾಲಿಗೆ ಉದ್ದ ಗೀಟು ಎಳೆದು, "ಹೋಗು, ಪಾಸು," ಎಂದರು.

ಅದನ್ನು ಮೆಟ್ಟಿಲಿಳಿಸಿ ಕೊಟ್ಟು ಬಂದ ಮೀಟರಿನವನು ಉಳಿದ ಹತ್ತರ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತ.

"ಇವಕ್ಕೆ ಯಾಕೋ ಅಳ್ತೀಯ?" ಎಂದರು ಅಜ್ಜಿ. "ಕುರ್ಚಿ ಸೊಟ್ಟ ಅಂದ್ರೆ ಏನು? ನೆಟ್ಟಗಿರೋರಿಗೆ ಸೊಟ್ಟ. ನೀನು ಮನೆಮನೆ ಹೋಗೋನಲ್ವಾ? ಎಡಕ್ಕೆ ವಾಲೋ ಮನುಷ್ಯ ಯಾರೂ ಇಲ್ವಾ ಅಲ್ಲಿ?"

ಅವನು ಯೋಚಿಸಿದ. "ಇದ್ದಾರೆ. ಗಡಿಯಾರ ರಿಪೇರಿಯವರು. ಬಲ ಸೊಂಟಕ್ಕೆ ಆಪರೇಷನ್ ಆಗಿದೆ."

"ಹಸಿರು ಅವರಿಗೆ. ಬಲಗೈ ಎತ್ತರದ್ದು?"

"ನನಗೆ," ಎಂದ ಭಾವ ಟ್ಯಾಂಕಿನ ಹಿಂದಿನಿಂದ. ಎಲ್ಲರೂ ತಿರುಗಿ ನೋಡಿದರು. "ಪೇಪರ್ ಓದುವಾಗ ಈ ಮೊಣಕೈ ಜೋತಾಡುತ್ತೆ. ಏನು ನೋಡ್ತೀರಿ? ನಾನೇನು ಕೂರಬಾರದಾ?"

"ಈ ಗುಂಡಿ ಬಿದ್ದಿರೋದು, ಕೂತ್ರೆ ಏಳೋಕೆ ಬಿಡದೇ ಇರೋದು..." ಎಂದು ಅಜ್ಜಿ ಶುರುಮಾಡುವುದರೊಳಗೆ ಅಕ್ಕ, "ನಮ್ಮ ಓನರಮ್ಮಂಗೆ ಹೇಳಿ ಮಾಡಿಸಿದ ಹಾಗಿದೆ," ಎಂದಳು. ಓನರಮ್ಮ ಮುಖ ಸಿಂಡರಿಸಿಕೊಂಡೇ ಕೂತು ನೋಡಿದರು. ಅರ್ಧ ಗಂಟೆ ಅವರ ದನಿ ಕೇಳಿಸಲಿಲ್ಲ. ಬಾಡಿಗೆಯವರೆಲ್ಲ ಮೇಲೆ ಬಂದು ನೋಡಿಕೊಂಡು ಹೋದರು.

ಮುಂದಿನ ಮೂರು ದಿನ ಮೀಟರಿನವನು ಕೆಲಸ ಮುಗಿಸಿ, ಹೊತ್ತಿಳಿಯುವ ಮುನ್ನ, ತಲೆಯ ಮೇಲೆ ಕುರ್ಚಿ ಕವುಚಿಕೊಂಡು ಬೀದಿ ಅಲೆದ. ಜಾಳಿಗೆ ನೆರಳು ಅವನ ಮುಖದ ಮೇಲೆಯೇ ನಡೆದು ಬರುತ್ತಿತ್ತು. ಆರು ವರ್ಷ ಕೂಡಿಟ್ಟದ್ದು ಒಂದೊಂದಾಗಿ ಕೈಬಿಡುವಾಗ ಪ್ರತಿ ಸಲವೂ ತಿರುತಿರುಗಿ ನೋಡುತ್ತಿದ್ದ, ನಿಜ. ಹಸಿರು ಕುರ್ಚಿಯಲ್ಲಿ ಕೂತ ಗಡಿಯಾರ ರಿಪೇರಿಯವರು, "ಅರೆ! ನೋವೇ ಇಲ್ಲ ಕಣಪ್ಪ," ಎಂದು ಅವನ ಕೈ ಬಿಡಲಿಲ್ಲ. ಆ ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಕೈಯಂತ್ರ ತೆಗೆದು, ಓದಿದ್ದ ಮೀಟರನ್ನೇ ಮತ್ತೊಮ್ಮೆ ಓದಿ ಬಂದ.

ಇಪ್ಪತ್ತೊಂಬತ್ತನೆಯ ತಾರೀಕಿಗೆ ಒಂದು ಉಳಿಯಿತು. ಮಾಸಿದ ಕೆಂಪಿನದೇ ಇನ್ನೊಂದು. ಅದರ ತಪ್ಪು ವಿಚಿತ್ರದ್ದೆಂದು ಅಜ್ಜಿ ಹೇಳಿದ್ದರು: ಸರಳು ಬಗ್ಗಿಸುವಾಗ ತುಸು ತಿರುಚಿಕೊಂಡಿದೆ, ಎತ್ತ ನೋಡಬೇಕೆಂದು ಇಟ್ಟರೂ ಕೂತವರ ಮುಖ ಸ್ವಲ್ಪ ಆಚೆಗೇ ತಿರುಗುತ್ತದೆ. ಇದಕ್ಕೆ ಯಾರೂ ಹೊಂದಲಿಲ್ಲ. ಏರುಬೀದಿಯ ತುದಿಯಲ್ಲಿರುವ ದರ್ಜಿಯೊಬ್ಬರು, "ತಂದಿಡು, ಬಟ್ಟೆ ಗಂಟು ಇಡೋಕಾಗುತ್ತೆ," ಎಂದಿದ್ದರು. ಸರಿ ಎಂದು ಹೊತ್ತು ಹೊರಟ.

ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಕುರ್ಚಿಯ ಭಾರಕ್ಕೆ ದಣಿದ. ಕಾಲುದಾರಿಯ ಮೇಲೆ ಕುರ್ಚಿ ಇಳಿಸಿ, ಬಸ್ಸು ಬರುವ ರಸ್ತೆಯ ಕಡೆ ಮುಖ ಮಾಡಿ ಕೂತ. ಆದರೆ ಕಂಡದ್ದು ರಸ್ತೆಯಲ್ಲ. ಎರಡು ಕಟ್ಟಡಗಳ ನಡುವೆ ಒಂದು ಮಾರಗಲದ ಸಂದು. ಅದರಾಚೆಗೆ ಇಳಿಜಾರಿನಲ್ಲಿ ಹರಡಿದ ಹಿತ್ತಲುಗಳು. ಏಳು ವರ್ಷ ಹೊಟ್ಟೆ ಹಚ್ಚಿ ಮಲಗಿದ್ದ ಹಿತ್ತಲುಗಳೆಲ್ಲ ಒಮ್ಮೆಗೇ ಕಂಡವು, ಇಳಿಬಿಸಿಲಲ್ಲಿ ತೇಲುತ್ತ. ಅಲ್ಲೊಂದು ಹಸಿರು ಚುಕ್ಕೆ, ಇಲ್ಲೊಂದು ಹಳದಿ, ಅದರಾಚೆ ಯಾರೋ ಕೂತವರ ಬಿಳಿ ತಲೆ. ಒಂದು ಕೋಣೆಯಲ್ಲಿ ಹಿಡಿಸದ್ದು ಇಲ್ಲಿ ಹಿಡಿಸಿತ್ತು. ಅವನ ಕಣ್ಣು ಮೆಲ್ಲಗೆ ಅರೆ ಮುಚ್ಚಿದವು.

"ರೀ," ಎಂದಿತು ಒಂದು ದನಿ. ತರಕಾರಿ ಚೀಲ ಹಿಡಿದ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿದ್ದರು. "ಇದು ಯಾವುದಕ್ಕೆ ಕ್ಯೂ?"

"ಯಾವುದಕ್ಕೂ ಇಲ್ಲ. ಸುಮ್ನೆ ಕೂತಿದ್ದೀನಿ."

"ಓ." ಅವರು ಅವನು ನೋಡುತ್ತಿದ್ದ ಕಡೆಗೆ ಕುತ್ತಿಗೆ ಚಾಚಿದರು. ಏನೂ ಕಾಣಲಿಲ್ಲವೆಂದು ತೋರಿತು. ಚೀಲ ಬದಲಾಯಿಸಿ ಹಿಡಿದರು. "ನಿಮ್ಮದಾದ ಮೇಲೆ ಸ್ವಲ್ಪ ಹೊತ್ತು ನಾನು ಕೂರಬಹುದಾ?"

ಅವನು ಎದ್ದ. ಅವರು ಕೂತರು, ಮುಖ ತಾನಾಗಿ ಸಂದಿನ ಕಡೆ ತಿರುಗಿತು. ಚೀಲ ಕೈಯಿಂದ ಜಾರಿ ನೆಲ ಮುಟ್ಟಿತು. ದರ್ಜಿಯ ಅಂಗಡಿ ಇನ್ನೇನು ಮುಚ್ಚುವ ಹೊತ್ತಾಗಿತ್ತು. ಮೀಟರಿನವನು ಕುರ್ಚಿಯ ಹಿಂದೆ ಹೋಗಿ, ಕೈಕಟ್ಟಿ, ತನ್ನ ಸರದಿಗಾಗಿ ನಿಂತ.